ಆಯಿಗೆ ನಾನು ಓದಿದ ಕಾಗದ

ಮಾನ್ವಿಯ ನಮ್ಮ ಓಣಿಯಲ್ಲಿ ಆಗ ಓದಲು ಬರುತ್ತಿದ್ದ ಹೆಂಗಸರು ಇಬ್ಬರೇ. ಒಬ್ಬರು ಹೆಣ್ಣುಮಕ್ಕಳ ಶಾಲೆಯ ಅಕ್ಕೋರು. ಅವರು ಸಂಜೆ ಒಮ್ಮೆ ಬಾಗಿಲು ಹಾಕಿಕೊಂಡರೆ ಯಾರು ಕೂಗಿದರೂ ತೆಗೆಯುತ್ತಿರಲಿಲ್ಲ. ಇನ್ನೊಬ್ಬಳು ನಾನು, ದೇವದುರ್ಗದಲ್ಲಿ ಏಳನೆಯ ಇಯತ್ತೆ ಪಾಸಾದವಳು. ಹೀಗಾಗಿ ಓಣಿಗೆ ಬಂದ ಕಾಗದಗಳೆಲ್ಲ ನನ್ನ ಕೈಗೇ ಬರುತ್ತಿದ್ದವು. ನಾನು ಓದಿದ್ದನ್ನೇ ಜನ ಬರೆದವರ ಮಾತು ಎಂದು ನಂಬುತ್ತಿದ್ದರು. ಹದಿನೆಂಟು ವರ್ಷದ ಹುಡುಗಿಯ ಕೈಗೆ ಅಂಥ ಅಧಿಕಾರ ಕೊಡಬಾರದಿತ್ತು. ಯಾರಾದರೂ ನನಗೆ ಆಗಲೇ ನಾಲ್ಕು ಏಟು ಬಿಟ್ಟಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ನಾನು ದೇವದುರ್ಗ ಬಿಟ್ಟು ಮಾನ್ವಿಗೆ ಬಂದದ್ದು ಆಯಿಯ ಜೊತೆಗಿರಲಿಕ್ಕೆ. ಆಯಿ ಅಂದರೆ ಅವ್ವನ ಅವ್ವ. ಅಜ್ಜ ತೀರಿಕೊಂಡಿದ್ದ. ಆಯಿಗೆ ಇದ್ದವರು ಇಬ್ಬರೇ ಮಕ್ಕಳು. ದೊಡ್ಡವಳು ನನ್ನ ಅವ್ವ, ಬಹಳ ವರ್ಷಗಳ ನಂತರ ಹುಟ್ಟಿದವನು ನನ್ನ ಸೋದರಮಾವ. ಮಾವ ಮಿಲ್ಟ್ರಿಯಲ್ಲಿದ್ದ.

ಅವನ ಬಗ್ಗೆ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಅವನು ಇಲ್ಲಿಯೂ ಬರೀ ಸತ್ತವನಾಗಿ ಉಳಿದುಬಿಡುತ್ತಾನೆ. ಊರಿನವರ ಬಾಯಲ್ಲಿ ಆದದ್ದು ಹಾಗೆಯೇ. ಅಜ್ಜನ ಕಾಲದಲ್ಲಿ ನಮ್ಮವರು ಮಲ್ಲಟದ ಕಡೆ ಕುರಿ ಕಾಯುತ್ತಿದ್ದರು. ಮಾವನಿಗೆ ಕುರಿಗಳೆಂದರೆ ಆಗದು. ಅವನು ಬೀಡಿ ಹಚ್ಚಲು ತಲೆ ತಗ್ಗಿಸಿದ ಕ್ಷಣವೇ ಅವು ಯಾರದೋ ಕಡಲೆ ಹೊಲಕ್ಕೆ ಬಿದ್ದಿರುತ್ತಿದ್ದವು. ಬೈಗುಳ ತಿಂದು ತಿಂದು ಸಾಕಾಗಿ ಮಾನ್ವಿಯ ಒಬ್ಬ ಸಾಹೇಬರ ಅರಿವೆ ಅಂಗಡಿಗೆ ಸೇರಿದ. ಅಲ್ಲಿ ಗಜಕಡ್ಡಿ ಹಿಡಿದು ಬಟ್ಟೆ ಅಳೆಯುವ ಕೆಲಸ. ಹೆಂಗಸರು ಜಂಪರಿನ ಬಟ್ಟೆ ಕೇಳಿದರೆ ನಾಲ್ಕು ಬೆರಳು ಹೆಚ್ಚೇ ಬಿಡುತ್ತಿದ್ದನಂತೆ. "ಏ ಬೇಟಾ, ಅಂಗಡಿ ನಂದೋ ನಿಂದೋ?" ಎಂದು ಸಾಹೇಬರು ಬೈಯುತ್ತಿದ್ದರು. ಬೈದು ತಾವೇ ಚಹಾ ತರಿಸಿ ಕುಡಿಸುತ್ತಿದ್ದರು. ಅವರ ಮನೆಯಲ್ಲಿ ಅವನಿಗೆ ಒಂದು ತಾಟು ಬೇರೆಯೇ ಇತ್ತು.

ಒಂದು ದಿನ ರಾಯಚೂರಿನ ತೀನ್ ಕಂದೀಲ್ ಪೇಟೆಯಿಂದ ಬಟ್ಟೆಯ ಗಂಟು ತರುತ್ತೇನೆಂದು ಹೋದವನು ಗಂಟಿನ ಜೊತೆ ಮಿಲ್ಟ್ರಿಯ ಕಾಗದವನ್ನೂ ತಂದ. ಅಲ್ಲಿ ಭರ್ತಿ ನಡೆದಿತ್ತು, ಸುಮ್ಮನೆ ಸಾಲಿನಲ್ಲಿ ನಿಂತೆ, ಎದೆ ಅಳೆದರು, ತಗೊಂಡರು ಎಂದ. ಇಷ್ಟು ದಿನ ನಾನು ಅಳೆದೆ, ಇವತ್ತು ನನ್ನನ್ನು ಅಳೆದರು ಎಂದು ನಕ್ಕ. ಅಜ್ಜ ಎರಡು ದಿನ ಅವನ ಮುಖ ನೋಡಲಿಲ್ಲ. ಆಯಿಯಂತೂ ಅವನಿನ್ನೂ ಮನೆಯಲ್ಲಿ ಇರುವಾಗಲೇ ಗೋಡೆಗೆ ಒರಗಿ ಹಾಡಿಕೊಂಡು ಅತ್ತಳು. "ಬದುಕಿರಾಂವನ್ನ ಕುಂದ್ರಿಸಿ ಅಳತೀಯಲ್ಲಬೇ" ಎಂದು ಅವನು ರೇಗಿದ.

ಮೊದಲ ರಜೆಯಲ್ಲಿ ಬಂದಾಗ ಮೂರು ಹೊತ್ತೂ ಜೋಳದ ರೊಟ್ಟಿ, ಪುಂಡಿಪಲ್ಯ ಬಿಟ್ಟು ಬೇರೇನೂ ತಿನ್ನಲಿಲ್ಲ. ಓಣಿಯವರಿಗೆಲ್ಲ ಅವನು 'ಮಿಲ್ಟ್ರಿ' ಆಗಿಬಿಟ್ಟಿದ್ದ. ಹೋಟೆಲಿನಲ್ಲಿ ಕುಳಿತರೆ, ಎಷ್ಟು ಮಂದಿಯನ್ನು ಹೊಡೆದೆಯೋ ಎಂದು ಕೇಳುತ್ತಿದ್ದರು. "ಇನ್ನೂತನಕ ಬರೇ ಬಟಾಟಿ ಸುಲದೀನ್ರೀ" ಅನ್ನುತ್ತಿದ್ದ. ನಿಜವಾಗಿ ಅವನದು ಟೆಲಿಫೋನಿನ ತಂತಿ ಎಳೆಯುವ ಕೆಲಸ. ಹೆಗಲ ಮೇಲೆ ತಂತಿಯ ಸುರುಳಿ ಹೊತ್ತು ಒಂದು ಠಾಣೆಯಿಂದ ಇನ್ನೊಂದು ಠಾಣೆಗೆ ಬಿಚ್ಚುತ್ತಾ ಹೋಗಬೇಕು. ಇದನ್ನು ಹೇಳಿದರೆ ಜನರಿಗೆ ನಿರಾಶೆಯಾಗುತ್ತಿತ್ತು. ಅದಕ್ಕೇ ಬಟಾಟಿಯ ಮಾತೇ ಮೇಲು ಎಂದಿದ್ದ.

ನಮ್ಮಲ್ಲಿ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ಕೇಳಬೇಕಾದ ಮಾತೇ ಅಲ್ಲ. ನಾನು ಲಂಗ ಹಾಕುವ ಹೊತ್ತಿಗೇ ಅದು ತೀರ್ಮಾನವಾಗಿತ್ತು. ನನಗೆ ಸಿಟ್ಟಿತ್ತು. ಅವನ ಮೇಲಲ್ಲ, ಯಾರೂ ನನ್ನನ್ನು ಕೇಳಲಿಲ್ಲವೆಂದು. ಒಂದು ಬೇಸಿಗೆಯ ರಜೆಯಲ್ಲಿ ಅವನು ದೇವದುರ್ಗಕ್ಕೆ ಬಂದ. ನಾನು ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದೆ. ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತ.

"ಎಲ್ಲಾರೂ ನನ್ನ ಕೇಳ್ಯಾರ. ನಿನ್ನ ಯಾರರ ಕೇಳ್ಯಾರೇನು, ಅಕ್ಕೋರ?" ಎಂದ. ಓದಲು ಬರುತ್ತದೆಂದು ನನ್ನನ್ನು ಹಾಗೆ ಕಾಡಿಸುತ್ತಿದ್ದ.

"ಇಲ್ಲ."

"ಹಂಗಾದ್ರ ನಾ ಕೇಳಾಕತ್ತೀನಿ. ನಿನಗ ಒಪ್ಪಿಗಿ ಅದನ? ಇಲ್ಲಾಂದ್ರ ಇಲ್ಲ ಅನ್ನು. ನನಗೇ ಬ್ಯಾಡಂತ ಹೇಳಿ ಎಲ್ಲಾ ನನ್ನ ತಲಿ ಮ್ಯಾಲ ಹಾಕ್ಕೊಂತೀನಿ."

ನಾನು ಮೊರ ನೋಡುತ್ತಲೇ "ಅದ" ಎಂದೆ. ಅವನು ಎದ್ದುಹೋದ ಮೇಲೆ ನೋಡಿದರೆ ಕಲ್ಲು, ಕಾಳು ಎರಡನ್ನೂ ಒಂದೇ ಗುಡ್ಡೆ ಮಾಡಿದ್ದೆ. ಅವತ್ತಿನಿಂದ ನನಗೆ ಅವನೇ ಬೇಕಾಯಿತು. ಬೇರೆ ಯಾವ ಮಾತಿನಲ್ಲೂ ಇದನ್ನು ಹೇಳಲಾರೆ.

ಮಾರನೆಯ ವರ್ಷ ಅಜ್ಜ ಹೋದ. ಮನೆಯ ಹಿರಿಯರು ಹೋದರೆ ವರ್ಷದೊಳಗೆ ಮನೆಯಲ್ಲೊಂದು ಮದುವೆ ಮಾಡಬೇಕು, ತಪ್ಪಿದರೆ ಮೂರು ವರ್ಷ ಮಾಡುವ ಹಾಗಿಲ್ಲ. ನನ್ನಪ್ಪನಿಗೆ ಮೂರು ವರ್ಷ ಕಾಯುವ ಮನಸ್ಸಿರಲಿಲ್ಲ. ದೇವದುರ್ಗದಲ್ಲಿ ಕಿರಾಣಿ ಅಂಗಡಿಯ ಒಂದು ಸಂಬಂಧ ನೋಡಿಯೇ ಇಟ್ಟಿದ್ದ. ಈ ವರ್ಷವಾದರೆ ನಿಮಗೆ, ಇಲ್ಲವಾದರೆ ಅವರಿಗೆ ಎಂದು ಆಯಿಗೆ ಖಡಾಖಂಡಿತವಾಗಿ ಹೇಳಿಹೋಗಿದ್ದ. ಅಜ್ಜನ ವರ್ಷ ತುಂಬಲು ಹದಿನೈದು ದಿನ ಇರುವಾಗ ಮದುವೆಯ ದಿನ ಇಟ್ಟರು. ಮಾವನಿಗೂ ರಜೆ ಸಿಕ್ಕಿತ್ತು. ಆಯಿ ಶ್ಯಾವಿಗೆ ಹೊಸೆದಳು, ಹಪ್ಪಳ ಮಾಡಿದಳು. ಸಾಹೇಬರು ಮದುಮಗನಿಗೆಂದು ಧೋತರದ ಜೋಡಿ ಎತ್ತಿಟ್ಟರು. ಅವರ ಅಂಗಡಿಯ ರೇಡಿಯೋ ಮಾತ್ರ ದಿನಾ ಗಡಿಯ ಸುದ್ದಿಯನ್ನೇ ಹೇಳುತ್ತಿತ್ತು. ಅದು ಎಪ್ಪತ್ತೊಂದನೆಯ ಇಸವಿಯ ಚಳಿಗಾಲ.

ಮದುವೆಗೆ ಎಂಟು ದಿನವಿದ್ದಾಗ ಅವನ ಕಾಗದ ಬಂತು. ಆಯಿ ಹೊಸ್ತಿಲ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. "ಓದಬೇ, ಯಾವಾಗ ಬರತಾನಂತ?" ಎಂದಳು. ನಾನು ಒಡೆದು ಮೊದಲು ಮನಸ್ಸಿನಲ್ಲೇ ಓದಿಕೊಂಡೆ. ಎಲ್ಲರ ರಜೆ ರದ್ದಾಗಿದೆ, ನಾನು ಬರುವುದಿಲ್ಲ, ಮದುವೆ ನಿಲ್ಲಿಸಿರಿ, ಎಷ್ಟು ವರ್ಷವಾದರೂ ಆಗಲಿ ಮುಂದಕ್ಕೆ ಹಾಕಿರಿ ಎಂದು ಬರೆದಿದ್ದ. ನಾನಿಲ್ಲದೆ ಬಾಕು ಇಟ್ಟು ಮದುವೆ ಮಾಡಬೇಡಿರಿ ಎಂದು ಬಿಡಿಸಿ ಬರೆದಿದ್ದ. ನಮ್ಮವರ ಬುದ್ಧಿ ಅವನಿಗೆ ಗೊತ್ತಿತ್ತು. ಅದರ ಕೆಳಗಿನ ಸಾಲುಗಳ ಮೇಲೆ ಬರೀ ಕಣ್ಣಾಡಿಸಿದೆ.

ಬಾಕಿನ ಮದುವೆ ಅಂದರೆ ಇಷ್ಟೇ. ಮದುಮಗ ಮದುವೆಯಲ್ಲಿ ಕೈಯಲ್ಲೊಂದು ಬಾಕು ಹಿಡಿದಿರುತ್ತಾನೆ, ಅದರ ತುದಿಗೆ ಲಿಂಬೆಹಣ್ಣು ಚುಚ್ಚಿರುತ್ತಾರೆ. ಮದುಮಗನಿಗೆ ಬರಲು ಆಗದೇ ಹೋದರೆ ಆ ಬಾಕನ್ನೇ ಮಣೆಯ ಮೇಲಿಟ್ಟು ಅಕ್ಕಿಕಾಳು ಹಾಕಬಹುದು. ಆದರೆ ಅದಕ್ಕೆ ಮದುಮಗ ಹೂಂ ಅಂದಿರಬೇಕು. ಅವನು ಹೂಂ ಅನ್ನದೆ ಹಾಗೆ ಮಾಡುವಂತಿಲ್ಲ.

ನಾನು ಗಂಟಲು ಸರಿಮಾಡಿಕೊಂಡು ಓದಿದೆ. "ತಾಯಿಯವರ ಪಾದಗಳಿಗೆ ನಿಮ್ಮ ಮಗನ ನಮಸ್ಕಾರಗಳು. ನನ್ನ ರಜೆ ರದ್ದಾಗಿದೆ. ಆದರೂ ಹಿರಿಯರು ಇಟ್ಟ ದಿನ ತಪ್ಪಿಸಬೇಡಿರಿ. ನಮ್ಮ ಪದ್ಧತಿಯಂತೆ ಬಾಕು ಇಟ್ಟು ಮದುವೆ ಮಾಡಿರಿ. ನನ್ನ ಒಪ್ಪಿಗೆ ಇದೆ. ನಾನು ಎಲ್ಲಿದ್ದರೂ ನನ್ನ ಮನಸ್ಸು ಆ ದಿನ ಹಂದರದಲ್ಲೇ ಇರುತ್ತದೆ."

ಎಲ್ಲಿಂದ ಬಂತೋ ಆ ಮಾತು ನನ್ನ ಬಾಯಿಗೆ. ತಡೆಯಲೇ ಇಲ್ಲ. ನನಗೆ ಆಗ ಕಂಡದ್ದು ಕಿರಾಣಿ ಅಂಗಡಿಯವನ ಮುಖ ಒಂದೇ. ಯುದ್ಧ, ಸಾವು ಯಾವುದೂ ತಲೆಗೆ ಬರಲಿಲ್ಲ. ಬಂದಿದ್ದರೂ ನಿಲ್ಲುತ್ತಿದ್ದೆನೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ರಜೆಗೆ ಬಂದಾಗ ಕಾಲು ಹಿಡಿದು ಹೇಳಿದರಾಯಿತು, ಬೈದು ನಗುತ್ತಾನೆ ಎಂದುಕೊಂಡೆ. ಅವನಿಗೆ ಉತ್ತರ ಬರೆ ಎಂದು ಆಯಿ ಹೇಳಿದಳು. ಬರೆದೆ ಎಂದೆ. ಬರೆಯಲಿಲ್ಲ. ಏನೆಂದು ಬರೆಯಲಿ?

ಮದುವೆಯಾಯಿತು. ಸಾಹೇಬರು ಕೊಟ್ಟ ಧೋತರವನ್ನು ಮಣೆಗೆ ಹಾಸಿ ಬಾಕು ಇಟ್ಟರು. ಇಂಥ ಮದುವೆಯಲ್ಲಿ ತಾಳಿ ಕಟ್ಟುವವಳು ಮದುಮಗನ ಅಕ್ಕ. ಅಂದರೆ ನನ್ನ ಅವ್ವ. ನನ್ನ ಅವ್ವನೇ ನನಗೆ ತಾಳಿ ಕಟ್ಟಿದಳು. "ಹೆದರಬ್ಯಾಡಬೇ, ನನ್ನ ತಮ್ಮ ಗಟ್ಟ್ಯಾದಾನ" ಎಂದು ಕಿವಿಯಲ್ಲಿ ಹೇಳಿದಳು. ನಾನು ಹೆದರಿರಲಿಲ್ಲ. ನಾಚಿಕೆಯಾಗಬೇಕು ಹೇಳಲು, ನನಗೆ ಬಹಳ ಸಂತೋಷವಾಗಿತ್ತು. ಆ ಹೊತ್ತಿಗೆ ಯುದ್ಧ ಶುರುವಾಗಿ ಕೆಲವು ದಿನ ಆಗಿತ್ತು. ಊಟದ ಪಂಕ್ತಿಯಲ್ಲಿ ಗಂಡಸರು ಅದನ್ನೇ ಮಾತಾಡುತ್ತಿದ್ದರು, ನಾನು ಹಸಿರು ಬಳೆ ನೋಡಿಕೊಳ್ಳುತ್ತಾ ಕುಳಿತಿದ್ದೆ.

ಹಂದರದ ಎಲೆ ತಪ್ಪಲು ಇನ್ನೂ ಪೂರ್ತಿ ಒಣಗಿರಲಿಲ್ಲ, ಪೋಸ್ಟ್ ಮಾಸ್ತರರೇ ಮನೆಗೆ ಬಂದರು. ತಂತಿಯನ್ನು ಜವಾನನ ಕೈಯಲ್ಲಿ ಕಳಿಸಲು ಅವರಿಗೆ ಮನಸ್ಸಾಗಿರಲಿಲ್ಲ. ಅದು ಇಂಗ್ಲಿಷಿನಲ್ಲಿತ್ತು. ನನ್ನ ಕೈಗೆ ಬಾರದ ಕಾಗದ ಅದೊಂದೇ. ಅವರು ನಿಂತುಕೊಂಡೇ ಓದಿ, ಟೋಪಿ ತೆಗೆದು, "ತಾಯಿ, ನಿಮ್ಮ ಹುಡುಗ ಹೋಗ್ಯಾನ್ರೀ" ಎಂದರು. ಯಾವ ದಿನ ಎಂದು ನನ್ನಪ್ಪ ಕೇಳಿದ. ಅವರು ಹೇಳಿದ ದಿನ ಮದುವೆಗಿಂತ ಮೂರು ದಿನ ಹಿಂದಿನದು.

ಹೆಣ ಬರಲಿಲ್ಲ. ಅಲ್ಲೇ ಸುಟ್ಟರಂತೆ. ನಮ್ಮಲ್ಲಿ ಹೂಳುತ್ತಾರೆ, ಸುಡುವುದಿಲ್ಲ. ನನ್ನ ಮಗನನ್ನು ಯಾರು ಸುಟ್ಟರು, ಯಾರನ್ನು ಕೇಳಿ ಸುಟ್ಟರು ಎಂದು ಆಯಿ ಪೋಸ್ಟ್ ಮಾಸ್ತರರ ಅಂಗಿ ಹಿಡಿದು ಕೇಳಿದಳು. ತಿಂಗಳುಗಳಾದ ಮೇಲೆ ಒಂದು ಟ್ರಂಕು ಬಂತು. ಅದರಲ್ಲಿದ್ದ ಒಂದು ಅಂಗಿಯನ್ನು ಅಜ್ಜನ ಮಗ್ಗುಲಲ್ಲಿ ಗುಂಡಿ ತೋಡಿ ಹೂತು, ಹಾಲು ಹಾಕಿ ಬಂದೆವು.

ತಂತಿ ಬಂದ ಹನ್ನೊಂದನೆಯ ದಿನ ಹಿರಿಯರು ಕುಳಿತರು. ಮಲ್ಲಟದಿಂದ ಬಂದಿದ್ದ ದೊಡ್ಡ ಮುದುಕನೊಬ್ಬ ಹೇಳಿದ: "ಉಸಿರಿಲ್ಲದಾಂವಗ ಅಕ್ಕಿಕಾಳು ಹಾಕೀವಿ. ಇದು ಮದುವಿ ಅಲ್ಲ. ತಾಳಿ ಬಿಚ್ಚಿ ದೇವರ ಮುಂದ ಇಡ್ರಿ. ಹುಡುಗಿ ಬಿಡುಗಡಿ." ನನ್ನಪ್ಪ ಮುದುಕನ ಕಾಲಿಗೆ ಬಿದ್ದ. ಎಲ್ಲರೂ ತಲೆಯಾಡಿಸಿದರು. ಆಯಿ ಒಬ್ಬಳೇ ಎದ್ದು ಒಳಗೆ ಹೋದಳು, ಎಲೆ ಅಡಿಕೆಯ ಚೀಲದಿಂದ ಆ ಕಾಗದ ತಂದು ನನ್ನ ಕೈಗೆ ಕೊಟ್ಟಳು. "ಅವ ತಾನಽ ಬರದಾನ, ಯಪ್ಪಾ. ಜೀವ ಇದ್ದಾಗ ಒಪ್ಪಿಗಿ ಕೊಟ್ಟಾನ. ಆಕಿ ನನ್ನ ಸೊಸಿ. ಕೇಳ್ರಿ ನೀವಽ. ಓದಬೇ."

ಓದು ಬಾರದ ಹದಿನೈದು ಮಂದಿ ಗಂಡಸರು ನನ್ನ ಬಾಯಿ ನೋಡುತ್ತಿದ್ದರು. ಅಲ್ಲಿ ಬರೆದದ್ದನ್ನು ಬರೆದ ಹಾಗೆ ಓದಿದ್ದರೆ ಆ ಕ್ಷಣವೇ ನನಗೆ ಬಿಡುಗಡೆ. ಜೊತೆಗೆ, ಮಗ ಬೇಡವೆಂದ ಮದುವೆಯನ್ನು ಅವನು ಸತ್ತ ಮೂರನೆಯ ದಿನ ನಾನು ಮಾಡಿಸಿದೆ ಎಂಬುದೂ ಆಯಿಗೆ ಗೊತ್ತಾಗುತ್ತಿತ್ತು. ನಾನು ಮತ್ತೆ ಅದನ್ನೇ ಓದಿದೆ, ಹಂದರದಲ್ಲೇ ಇರುತ್ತದೆ ಎಂಬಲ್ಲಿಯವರೆಗೆ. ಮುದುಕ ಕಣ್ಣೊರೆಸಿಕೊಂಡು, ಹಂಗಾದ್ರ ಆಕಿ ಅವನ ಹೆಣ್ತಿನೇ ಎಂದ. ನನ್ನ ಬಳೆ ಒಡೆದರು. ನನ್ನ ಕೈಯಾರೆ ನಾನು ಮಾಡಿಕೊಂಡದ್ದು ಇದು, ಯಾರನ್ನೂ ದೂರುವಂತಿಲ್ಲ.

ಬೇಸಿಗೆಯಲ್ಲಿ ಅವನ ಜೊತೆಗಾರನೊಬ್ಬ ಹುಡುಕಿಕೊಂಡು ಬಂದ, ಬಿಜಾಪುರದ ಕಡೆಯವನು. ಆಯಿಯ ಮುಂದೆ ಒಳ್ಳೆಯ ಮಾತನ್ನೇ ಆಡಿದ. ತಂತಿ ತುಂಡಾಗಿತ್ತು, ಕೂಡಿಸಲು ಹೋದ, ನೆಲದಲ್ಲಿ ಬಾಂಬು ಹುಗಿದಿದ್ದರು, ನೋವೇ ಆಗಲಿಲ್ಲ ಎಂದ. ಅವನು ಬಾಯಿ ತೆರೆದಾಗಲೆಲ್ಲ, ಕಾಗದದ ಮಾತು ಬಂದೀತೆಂದು, ಚಹಾ ಬೇಕೇನು ನೀರು ಬೇಕೇನು ಎಂದು ನಾನು ನಡುವೆ ಬಾಯಿ ಹಾಕುತ್ತಿದ್ದೆ. ಬಸ್ ಸ್ಟ್ಯಾಂಡಿಗೆ ಕಳಿಸಲು ಹೋದಾಗ ಅವನು ನನ್ನನ್ನು ಕೇಳಿದ: "ಮದುವಿ ನಿಲ್ಲಿಸಾಕ ಕಾಗದ ಹಾಕಿದ್ದ ನೋಡ್ರಿ. ಅದು ಮುಟ್ಟಲಿಲ್ಲೇನ್ರಿ? ದಿನಾ ಟಪಾಲು ಬಂದಕೂಡ್ಲೆ ಓಡ್ತಿದ್ದ. ಉತ್ತರ ಬಂದದೇನು, ಉತ್ತರ ಬಂದದೇನು ಅಂತ." ನಾನು ಮುಟ್ಟಲಿಲ್ಲ ಎಂದೆ. ಕವಿತಾಳದ ಬಸ್ಸು ಬಂತು, ಅವನು ಕೈಮುಗಿದು ಹತ್ತಿದ. ನಾಲ್ಕು ಸಾಲು ಬರೆಯಲಿಲ್ಲ ನಾನು. ಸುಳ್ಳಾದರೂ ಬರೆಯಬಹುದಿತ್ತು, ನಿಲ್ಲಿಸಿದ್ದೇವೆ, ನಿಶ್ಚಿಂತೆಯಿಂದಿರು ಎಂದು. ಅದೂ ಮಾಡಲಿಲ್ಲ. ಆ ದಿನ ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಕುಳಿತು ಎಷ್ಟು ಅತ್ತೆನೆಂದರೆ, ಬಾಳೆಹಣ್ಣು ಮಾರುವವಳು ಬಂದು ನೀರು ಕುಡಿಸಿದಳು.

ಆಮೇಲೆ ಹತ್ತು ವರ್ಷ ನಾನು ಆ ಕಾಗದ ಓದಿದೆ. ಆಯಿಗೆ ಅದು ದೇವರ ಪೋಥಿ ಆಗಿತ್ತು. ನೀರಮಾನ್ವಿಯ ಎಲ್ಲಮ್ಮನಿಗೆ ಹೋಗಿಬಂದ ದಿನ ಓದಬೇಕು, ಯುಗಾದಿಗೆ ಓದಬೇಕು, ಅವನಿಗೆ ಹಿಡಿಸುತ್ತಿದ್ದ ಪಲ್ಯ ಮಾಡಿದ ದಿನ ಓದಬೇಕು. ಕೈಕಾಲು ತೊಳೆದು ಕುಳಿತು "ಓದಬೇ" ಅನ್ನುತ್ತಿದ್ದಳು. ಹಂದರದ ಮಾತು ಬಂದಾಗ ತಾನೂ ಜೊತೆಗೆ ತುಟಿ ಆಡಿಸುತ್ತಿದ್ದಳು. ನನ್ನ ಕಣ್ಣು ಅಕ್ಷರಗಳ ಮೇಲೆ ಹರಿಯುತ್ತಿತ್ತು, ಆದರೆ ಒಂದನ್ನೂ ನೋಡುತ್ತಿರಲಿಲ್ಲ. ನೋಡದಿರುವುದನ್ನು ನಾನು ಕಲಿತಿದ್ದೆ. ನೋಡಿದರೆ ಅವನ ಧ್ವನಿ ಕೇಳುತ್ತಿತ್ತು, ಎರಡು ಮಾತು ಒಟ್ಟಿಗೆ ಬಂದು ನಾಲಿಗೆ ತೊಡರುತ್ತಿತ್ತು. ಹೊರಗೆ ಒಯ್ಯಬೇಡ, ಹರಿದೀತು ಎಂದು ಆಯಿಗೆ ತಾಕೀತು ಮಾಡಿದ್ದೆ. ಬೇರೆ ಯಾರ ಕೈಗೂ ಅದು ಹೋಗದಂತೆ ಕಾದೆ. ಸಾಹೇಬರ ಅಂಗಡಿಗೆ ಜಂಪರು, ಲಂಗ ಹೊಲಿದುಕೊಡುತ್ತಿದ್ದೆ. ಹೊಲಿಯುವಾಗಲೂ ಒಂದು ಕಣ್ಣು ಆಯಿಯ ಚೀಲದ ಮೇಲೆಯೇ. ಹೇಳಿಬಿಡಬೇಕೆಂದು ಎಷ್ಟೋ ಸಲ ಹತ್ತಿರ ಹೋದೆ. ಅವಳು ಮುಖ ಎತ್ತಿ ನೋಡಿದರೆ, ಸುಣ್ಣ ಬೇಕೇನು ಎಂದು ಕೇಳಿ ತಿರುಗಿ ಬಂದೆ.

ಮಾವನ ಸರ್ಕಾರಿ ಕಾಗದಗಳಲ್ಲಿ ವಾರಸುದಾರಳೆಂದು ಇದ್ದದ್ದು ತಾಯಿಯ ಹೆಸರು, ಪಿಂಚಣಿಯೂ ಅವಳಿಗೇ ಬರುತ್ತಿತ್ತು. ಹೆಂಡತಿ ಎಂಬಲ್ಲಿ 'ಇಲ್ಲ' ಎಂದಿತ್ತು. ಆಯಿಗೆ ವಯಸ್ಸಾಗುತ್ತಾ ಬಂದಂತೆ ಅದೊಂದೇ ಚಿಂತೆ ಹತ್ತಿತು. "ನಾ ಹೋದ್ರ ನಿನ್ನ ಯಾರು ಕೇಳತಾರ? ಸರ್ಕಾರದಾಗ ನಿನ್ನ ಹೆಸರು ಅವನ ಹೆಸರಿನ ಮಗ್ಗಲ ಇರಬೇಕು." ನಾನು ಬೇಡವೆಂದೆ, ಬೈದೆ, ಜ್ವರ ಬಂತೆಂದು ಮಲಗಿದೆ. ಆಯಿ ಹಟ ಹಿಡಿದರೆ ಯಾರ ಮಾತೂ ಕೇಳುವವಳಲ್ಲ. ಒಂದು ಬೆಳಿಗ್ಗೆ ನನ್ನನ್ನು ಎಳೆದುಕೊಂಡು ರಾಯಚೂರಿನ ಬಸ್ಸು ಹತ್ತಿಸಿದಳು.

ಸೈನಿಕರ ಮನೆಯವರ ಕೆಲಸ ನೋಡುವ ಕಚೇರಿ ಅದು. ಅಲ್ಲಿನ ಗುಮಾಸ್ತ ಒಳ್ಳೆಯವನೇ, ಆಯಿಗೆ ಕುರ್ಚಿ ಕೊಟ್ಟ. ಎಲ್ಲ ಕೇಳಿಸಿಕೊಂಡು ಪೆನ್ನಿನಿಂದ ಕಿವಿ ಕೆರೆದುಕೊಂಡ. "ಗಂಡು ಇಲ್ಲದ ಮದುವಿನ ಹೆಂಗ ಬರಕೊಳ್ಳಲಿ, ಯವ್ವಾ? ಏನರ ಕಾಗದ ಪತ್ರ ಬೇಕಲ್ರೀ."

"ಅದರೀ" ಎಂದು ಆಯಿ ಚೀಲಕ್ಕೆ ಕೈ ಹಾಕಿದಳು.

ನಾನು ಅವಳ ಕೈ ಹಿಡಿದೆ. "ಬ್ಯಾಡ ಆಯಿ, ನಡಿ ಊರಿಗೆ ಹೋಗೂಣು." ಅವಳು ಕೈ ಝಾಡಿಸಿ ಕಾಗದವನ್ನು ಮೇಜಿನ ಮೇಲಿಟ್ಟಳು. ಗುಮಾಸ್ತ ಬಿಡಿಸಿಕೊಂಡು, ಕಿವಿ ಮಂದವಾದ ಮುದುಕಿಗೆ ಕೇಳಲೆಂದು ಗಟ್ಟಿಯಾಗಿಯೇ ಓದಿದ. ನಾನು ಗೋಡೆಯ ಕಡೆ ತಿರುಗಿ ನಿಂತೆ. ಮದುವೆ ನಿಲ್ಲಿಸಿರಿ ಎಂಬುದು ಬಂತು. ಬಾಕು ಇಡಬೇಡಿರಿ ಎಂಬುದು ಬಂತು. ಆಮೇಲೆ ನಾನು ಹತ್ತು ವರ್ಷ ನೋಡದೆ ದಾಟಿದ ಸಾಲುಗಳು ಬಂದವು. ನನಗೇನಾದರೂ ಆದರೆ ಆ ಹುಡುಗಿಯ ಕೈ ಬರಿದಾಗಬಾರದು, ಅವಳಿಗೆ ಒಳ್ಳೆಯ ಮನೆ ನೋಡಿ ಕೊಡಿರಿ ಎಂದು. ಯವ್ವಾ, ನೀನು ಎಲೆ ಅಡಿಕೆ ಕಡಿಮೆ ಮಾಡು, ನಿನ್ನ ಕೆಮ್ಮು ನನಗೆ ಇಲ್ಲಿಯೂ ಕೇಳುತ್ತದೆ ಎಂದು. ಕೊನೆಯಲ್ಲಿ ಒಂದು ಸಾಲು: ಇದನ್ನು ಓದುವವಳೂ ಕೇಳಿಸಿಕೊಳ್ಳಬೇಕು.

ಗುಮಾಸ್ತ ಕಾಗದ ಕೆಳಗಿಟ್ಟು, "ಇದರಾಗ ಮದುವಿ ಬ್ಯಾಡಂತ ಬರದಾನಲ್ರೀ" ಎಂದ. ಆಯಿ ಅವನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. "ಇನ್ನೊಮ್ಮಿ ಓದ್ರಿ, ಯಪ್ಪಾ" ಎಂದಳು. ಅವನು ಓದಿದ. "ಇನ್ನೊಮ್ಮಿ." ಮೂರನೆಯ ಸಲ ಓದುವಾಗ ಕೆಮ್ಮಿನ ಮಾತು ಬಂದಲ್ಲಿ ಅವಳು ಸೆರಗು ಬಾಯಿಗೆ ಇಟ್ಟುಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು. ನನಗೆ ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಬದುಕುತ್ತಿದ್ದೆ.

"ಮದುವಿ ಹಾಳಾಗಿ ಹೋಗಲಿ" ಎಂದಳು. "ನನ್ನ ಕೆಮ್ಮಿನ ಮಾತರ ಓದಬೇಕಿಲ್ಲ? ಹತ್ತು ವರ್ಷ ನನ್ನ ಮಗನ ಮಾತು ನುಂಗಿಕೊಂಡು ನನ್ನ ಮುಂದಽ ಕುಂತಿದ್ದೇನು?"

ಬಸ್ಸಿನಲ್ಲಿ ಅವಳು ಬೇರೆ ಸೀಟಿನಲ್ಲಿ ಕುಳಿತಳು. ಮನೆಗೆ ಬಂದ ಮೇಲೆ ನನ್ನನ್ನು ಹೊರಗೆ ಹಾಕಲಿಲ್ಲ. ಮಾರನೆಯ ದಿನ ಬಳೆಗಾರ್ತಿಯನ್ನು ಕರೆಸಿದಳು. ಅವಳು ಸಾಹೇಬರ ಮನೆಯ ಕಡೆಯವಳು, ನನ್ನ ಮದುವೆಗೆ ಬಳೆ ತೊಡಿಸಿದವಳು ಅವಳೇ. ಬುಟ್ಟಿ ಇಳಿಸಿ ನನ್ನ ಬರಿಗೈ ನೋಡಿ ಹಿಂದೆ ಸರಿದಳು. "ಯಾ ಅಲ್ಲಾ, ಅಮ್ಮಾ, ಈಕಿಗೆ ಹೆಂಗ ತೊಡಸ್ಲಿ? ಪಾಪ, ರಂಡಿಮುಂಡಿ ಹೆಣ್ಣಮಗಳು..."

"ಯಾರು ಅಂದಾರ?" ಎಂದಳು ಆಯಿ. "ಆಕಿದು ಮದುವಿನೇ ಆಗಿಲ್ಲ. ನನ್ನ ಮಗ ಬರದಾನ, ಕೈ ಬರಿದಾಗಬಾರದಂತ. ತೊಡಸು." ಆಮೇಲೆ ನನಗೆ ಹೇಳಿದಳು: "ಇವತ್ತಿನಿಂದ ನೀ ನನ್ನ ಸೊಸಿ ಅಲ್ಲ. ನನ್ನ ಮಗಳ ಮಗಳು. ಹಂಗ ಇರತೀನಂದ್ರ ಇರು."

ನಾನು ಅವಳ ಕಾಲು ಹಿಡಿದೆ. ಬಳೆ ಒಡೆಸಿಕೊಂಡ ದಿನ ನಾನು ಇಷ್ಟು ಅತ್ತಿರಲಿಲ್ಲ. ಆಗ ಒಡೆದದ್ದು ಅವನ ಹೆಸರಿನ ಬಳೆ, ಬರಿಗೈಯಾದರೂ ಅವನದೇ ಆಗಿತ್ತು. ಈಗ ಒಂದೊಂದು ಹಸಿರು ಬಳೆ ಏರಿದಂತೆ ಅವನು ನನಗೆ ಏನೂ ಅಲ್ಲದವನಾಗುತ್ತಿದ್ದ. ಬಳೆಗಾರ್ತಿ ನನ್ನ ಕೈ ಹಿಸುಕಿ ಹಿಸುಕಿ ಡಜನ್ ಪೂರ್ತಿ ಮಾಡಿದಳು. ಇಪ್ಪತ್ತೆಂಟು ವರ್ಷದ ಹೆಣ್ಣು ಕೈ ತುಂಬ ಬಳೆ ತೊಟ್ಟು ಕಟ್ಟೆಯ ಮೇಲೆ ಕುಳಿತಿದ್ದನ್ನು ಓಣಿಯೆಲ್ಲ ಬಂದು ನೋಡಿತು. ಅಪ್ಪ ಸುದ್ದಿ ಕೇಳಿ ಬಂದು, ಈಗಲಾದರೂ ದೇವದುರ್ಗಕ್ಕೆ ನಡೆ ಎಂದ. ಹೋಗಿ ಏನು ಮಾಡಲಿ? ನಾನು ಆಯಿಯ ರೊಟ್ಟಿ ಬಡಿಯುತ್ತಾ ಅಲ್ಲೇ ಉಳಿದೆ.

ಆಯಿ ಮತ್ತೆ ಐದು ವರ್ಷ ಇದ್ದಳು. ಎಲೆ ಅಡಿಕೆ ಬಿಟ್ಟಳು. ಆ ಕಾಗದ ಹಿಡಿದು ಓದಲು ಬರುವವರ ಹತ್ತಿರವೆಲ್ಲ ಹೋದಳು. ಶಾಲೆಯ ಮಾಸ್ತರು, ಬಸ್ಸಿನ ಕಂಡಕ್ಟರು, ದವಾಖಾನೆಯ ನರ್ಸಮ್ಮ, ಯಾರು ಸಿಕ್ಕರೆ ಅವರು. ಕಟ್ಟೆಯ ಮೇಲೆ ಯಾರೋ ಅದನ್ನು ಓದುವಾಗ ನಾನು ಒಳಗೆ ಒಲೆಯ ಮುಂದಿರುತ್ತಿದ್ದೆ, ನಾನು ಬಾಗಿಲಿಗೆ ಬಂದರೆ ಅವಳು ಓದುವವರಿಗೆ ಸುಮ್ಮನಿರಲು ಕೈಸನ್ನೆ ಮಾಡುತ್ತಿದ್ದಳು. ನನ್ನ ಕೈಗೆ ಅದನ್ನು ಮತ್ತೆಂದೂ ಕೊಡಲಿಲ್ಲ. ಕೊನೆಯ ಜ್ವರದಲ್ಲಿ ಮಲಗಿದಾಗ, ಒಮ್ಮೆ ನಾನು ಸರಿಯಾಗಿ ಓದುತ್ತೇನೆ ಆಯಿ, ಬರೆದ ಹಾಗೇ ಓದುತ್ತೇನೆ ಎಂದು ಅಂಗಲಾಚಿದೆ. "ಬ್ಯಾಡ. ನಿನ್ನ ಬಾಯಾಗ ಅವ ಸುಳ್ಳ ಆಗತಾನ" ಎಂದು ಮಗ್ಗಲು ತಿರುಗಿದಳು. ಅವಳು ಹೇಳಿಟ್ಟಿದ್ದಂತೆ ಕಾಗದವನ್ನು ಅವಳ ಎದೆಯ ಮೇಲಿಟ್ಟೇ ಹೂತರು.

ಈಗ ನನ್ನ ಬಳಿ ಅವನ ಕೈಯ ಒಂದು ಅಕ್ಷರವೂ ಇಲ್ಲ. ನಾನು ಕಟ್ಟಿ ಓದಿದ ಕಾಗದ ಮಾತ್ರ ಒಂದು ಪದವೂ ತಪ್ಪದೆ ಬಾಯಿಗೆ ಬರುತ್ತದೆ. ಒಲೆಯ ಮುಂದೆ, ಹೊಲಿಗೆಯ ಮುಂದೆ, ಬೇಡವೆಂದರೂ ಬರುತ್ತದೆ. ಅವನು ನಿಜವಾಗಿ ಬರೆದದ್ದನ್ನು ಜ್ಞಾಪಿಸಿಕೊಳ್ಳಲು ದಿನಾ ಕುಳಿತುಕೊಳ್ಳುತ್ತೇನೆ. ಇಲ್ಲಿ ಬರೆದದ್ದು ಅದರ ಅರ್ಥ ಅಷ್ಟೇ, ಅವನ ಮಾತಲ್ಲ. ಹತ್ತು ವರ್ಷ ನೋಡದೆ ದಾಟಿದ್ದು ಈಗ ಕರೆದರೆ ಬರುವುದಿಲ್ಲ. ಅವನು ಬರೆದ ಹಾಗೆಯೇ ಉಳಿದದ್ದು ಒಂದೇ ಸಾಲು, ಇದನ್ನು ಓದುವವಳೂ ಕೇಳಿಸಿಕೊಳ್ಳಬೇಕು ಎಂಬುದು. ಕೇಳಿಸಿಕೊಳ್ಳಲು ಈಗ ನಾನು ತಯಾರಿದ್ದೇನೆ, ಅವನ ಮಾತುಗಳೇ ನೆನಪಿಲ್ಲ.